ಐದಕ್ಕೆ ಎರಡು

ಬ್ಯಾಲರಾಟ್‌ನಲ್ಲಿ ಜೂನ್ ತಿಂಗಳು.
ಹುಲ್ಲು ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ.
ಮರ್ಲ್ ಹಾಕಿಂಗ್ ಗ್ಯಾರೇಜಿನ ಷಟರನ್ನು ಎಡಗೈಯಲ್ಲೇ ಎತ್ತಿದಳು.
ಅವಳ ಬಲಭುಜ ನನ್ನ ರೋಗಿ,
ಹನ್ನೊಂದು ವಾರದಿಂದ.

ಒಳಗೆ ಅವಳ ಕಾರು.
ಬಾಗಿಲು ಪಕ್ಕಕ್ಕಲ್ಲ, ಮೇಲಕ್ಕೆ ತೆರೆಯುವ ಜಾತಿ.
ಎಪ್ಪತ್ತೆಂಟರಲ್ಲಿ ಅಂಥವು ಮೂವತ್ತೋ ನಲವತ್ತೋ ಮಾಡಿ
ಕಂಪನಿ ಕಣ್ಣುಮುಚ್ಚಿತಂತೆ.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು
ಭಾನುವಾರಕ್ಕೆಂದು ಇದನ್ನಿಟ್ಟುಕೊಂಡಳು,
ಬಾಗಿಲು ತಾನೇ ಏಳುವುದನ್ನು ನೋಡಲಿಕ್ಕೆ.

ಈಗ ಏಳುವುದಿಲ್ಲ.
ಎತ್ತಿ ನಿಲ್ಲಿಸಿದರೆ ಒಂದು ಗಳಿಗೆ ಯೋಚಿಸುತ್ತದೆ,
ಆಮೇಲೆ ಪ್ರವಚನದಲ್ಲಿ ತೂಕಡಿಸುವ ತಲೆಯ ಹಾಗೆ
ಬಗ್ಗಿ, ಬಗ್ಗಿ, ಥಟ್ಟನೆ ನಮ್ಮ ನೆತ್ತಿಗೆ.
ಅದಕ್ಕೊಂದು ಊರುಗೋಲು: ನೆಲ ಒರೆಸುವ ಮಾಪಿನ ಕೋಲು,
ತುದಿಗೆ ಹಳೇ ಕಾಲುಚೀಲ.

“ಚಳಿಗೆ ಒಳಗಿನ ಗ್ಯಾಸು ಕುಗ್ಗುತ್ತೆ,” ಅಂದಳು.
“ಜನವರಿ ಮಧ್ಯಾಹ್ನ ನಿಲ್ಲುತ್ತೆ. ಹೊತ್ತಿಳಿದರೆ ಇಲ್ಲ.”
ನನ್ನ ಕ್ಲಿನಿಕ್ಕಿನ ಮೊಣಕಾಲುಗಳೆಲ್ಲ
ಹೇಳುವುದೂ ಇದನ್ನೇ.

ಅಟ್ಟದಿಂದ ಹಂಡೆ ಇಳಿಸಿಕೊಳ್ಳುವವಳಂತೆ
ನಾನು ಬಾಗಿಲು ಹೊತ್ತು ನಿಂತೆ.
ಅವಳು ಸಣ್ಣ ಸ್ಕ್ರೂಡ್ರೈವರಿನಿಂದ
ಗೋಲಿಕೀಲಿನ ಹಿಂದಿನ ಕ್ಲಿಪ್ಪು ಮೀಟಿದಳು,
ಮೀನಿನ ಮುಳ್ಳು ಬಿಡಿಸುವಷ್ಟು ನಾಜೂಕಾಗಿ.
ಟಕ್.
ಗೋಲಿ ಗುಳಿ ಬಿಟ್ಟ ಸದ್ದು.
ಮನುಷ್ಯರಲ್ಲಿ ಅದನ್ನು ಕೇಳಿದರೆ
ಆಂಬುಲೆನ್ಸ್ ಕರೆಯುವವಳು ನಾನು.

ಕೋಲು ಕೊಟ್ಟು ನನ್ನನ್ನು ಬಿಡಿಸಿ
ಹಳೇ ಕೊಳವೆ ಕೈಗಿಟ್ಟಳು: “ಪರೀಕ್ಷೆ ಮಾಡು.”
ನೆಲಕ್ಕೂರಿ ಒತ್ತಿದೆ. ಉಸ್ಸೆಂದು ಒಳಗೆ ಹೋಯಿತು,
ಹೋದದ್ದು ಅಲ್ಲೇ ಕೂತಿತು.
ಕಡ್ಡಿಯ ಕೊರಳಲ್ಲಿ ಎಣ್ಣೆಬೆವರು.
ರಿಪೋರ್ಟು ಬರೆಯುವುದಾದರೆ:
ಚಲನೆ ಪೂರ್ತಿ. ಶಕ್ತಿ, ಐದಕ್ಕೆ ಎರಡು.
“ನನ್ನ ಭುಜಕ್ಕೆ?”
“ಮೂರು ಕೊಟ್ಟಿದ್ದೇನೆ.”
“ಜಿಪುಣಿ.”

ಹೊಸ ಜೋಡಿ ಅಡಿಲೇಡಿನಿಂದ ಬಂದಿತ್ತು.
ಕಡ್ಡಿ ಕೆಳಮುಖವಾಗಿರಬೇಕು, ಎಣ್ಣೆ ಸೀಲಿನ ಮೇಲೆ ನಿಲ್ಲಬೇಕು.
ಇಕ್ಕಳ ಮುಟ್ಟಿಸಕೂಡದು; ಒಂದು ಗೀರು ಸಾಕು,
ಹೋಗಿ ಬರುವಾಗೆಲ್ಲ ಸೀಲನ್ನು ಕೊಯ್ಯುತ್ತದೆ.
ಒಂದನ್ನಷ್ಟೇ ಬದಲಿಸಿದರೆ
ಎತ್ತು ಏರಿಗೆ, ಕೋಣ ನೀರಿಗೆ,
ನಡುವೆ ಬಾಗಿಲಿನ ಬೆನ್ನು ತಿರುಚುತ್ತದೆ.
ಹಳತಕ್ಕೆ ತೂತು ಕೊರೆಯಬಾರದು, ಬೆಂಕಿಗೆ ಎಸೆಯಬಾರದು;
ಸತ್ತಂತೆ ಬಿದ್ದ ಕೊಳವೆಯಲ್ಲೂ
ಕೊನೆಗೊಂದು ಸಿಟ್ಟು ಉಳಿದಿರುತ್ತದೆ.
ಇಷ್ಟನ್ನೂ ಅವಳು ಬಸ್ಸಿನ ಮಕ್ಕಳಿಗೆ ಗದರುವ ದನಿಯಲ್ಲಿ
ಗೋಡೆಗೆ ಹೇಳಿದಳು.

ಹಿಡಿ ಒತ್ತಿದೆವು.
ಬಾಗಿಲು ಎದ್ದದ್ದಲ್ಲ, ಹಾರಿತು.
ತೊಲೆಗೆ ತೂಗಿದ್ದ ಬಲ್ಬು ಚೂರು ಚೂರು,
ನನ್ನ ಕೂದಲಲ್ಲಿ ಗಾಜು.
ಅವಳು ನಕ್ಕು ನಕ್ಕು ಸೀಟಿಗೆ ಕುಸಿದಳು, ಆಮೇಲೆ ತಲೆಯೆತ್ತಿದಳು.
ಮುಚ್ಚುವ ಹಿಡಿ ಎಲ್ಲೋ ಮೇಲೆ, ಆಕಾಶದ ಕಡೆ.

ಬಲಗೈಯೇ ಬೇಕು ಆ ಬದಿಗೆ.
ನಾನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಮಾಡಿದ್ದಳು,
ವ್ಯಾಯಾಮದ ಮೇಜಿನ ಮೇಲೆ ನಾನು ಮರೆತು ಎಣಿಸುವ ಕನ್ನಡದಲ್ಲಿ,
ಗಣಿಗಾರರ ಮೊಮ್ಮಗಳ ನಾಲಿಗೆಯಲ್ಲಿ:
ಒಂದು. ಎರದು. ಮೂರು.
ಬೆರಳು ಕಿವಿ ದಾಟಿತು. ನಾಲ್ಕು. ಐದು.
ಹಲ್ಲು ಕಚ್ಚಿ, ಆರು.
ನಿಂತಿತು. ಮತ್ತೆ, ಏಳು.
ಆ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು
ನಾನಿನ್ನೂ ಅವಳಿಗೆ ಹೇಳಿಲ್ಲ.

ಹಿಡಿ ಸಿಗಲಿಲ್ಲ. ನಾಲ್ಕು ಬೆರಳು ದೂರ.
ಶಾಲೆಬಸ್ಸಿನ ಹಳೇ ತೊಗಲುಪಟ್ಟಿ ಹುಡುಕಿ
ಅದಕ್ಕೆ ಕಟ್ಟಿದೆವು, ಇಳಿಬಿಟ್ಟೆವು.
ವಾರಕ್ಕೊಂದು ಅಂಗುಲ ಪಟ್ಟಿ ಕತ್ತರಿಸಬೇಕೆಂದು
ನಾನು ಚೀಟಿ ಬರೆದುಕೊಟ್ಟೆ.

ಎಡಬಾಗಿಲು?
“ಅದು ಹಾಗೇ ಇರಲಿ. ಪಕ್ಕದಲ್ಲಿ ಕೂರುವವರಿಗೂ
ಏನಾದರೂ ಕೆಲಸ ಬೇಡವೆ?”
ಬನಿನ್ಯಾಂಗ್ ಕಡೆಯ ರಸ್ತೆಯಲ್ಲಿ ಹೊರಟೆವು,
ತೊಡೆಯ ಮೇಲೆ ಮಾಪಿನ ಕೋಲು ಹಿಡಿದು ನಾನು,
ಕಾಲುಚೀಲ ಕಿಟಕಿಯಾಚೆಗೆ.