ಗೇಟು ಮುಚ್ಚಿ ಹೋಗಿ

ಸೆಡೂನಾ ದಾಟಿ ಡಾಂಬರು ಮುಗಿದ ಮೇಲೆ
ರಸ್ತೆ ಜೋಳ ಬೀಸುವ ಕಲ್ಲಿನ ಹಾಗೆ ಗರಗರ.
ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು, ಉರುಳಾಡುವ ಕಲ್ಲಂಗಡಿ.
ಪಕ್ಕದಲ್ಲಿ ಸ್ತಮಾತಿಯಾ, ಎಂಬತ್ತೊಂದು,
ತಿಂಗಳಿಗೆರಡು ಸಲ ನನ್ನ ಔಷಧದಂಗಡಿಗೆ ಬಂದು
ರಕ್ತ ತೆಳುವಾಗುವ ಗುಳಿಗೆ ಒಯ್ಯುವವಳು,
ಚಿಲ್ಲರೆಯನ್ನು ನನ್ನೆದುರೇ ಮತ್ತೊಮ್ಮೆ ಎಣಿಸುವವಳು.

"ಬಲಕ್ಕೆ" ಅಂದಳು. ಬಲಕ್ಕೆ ದಾರಿಯೇ ಇರಲಿಲ್ಲ.
ಎರಡು ಗಾಲಿಯ ಗುರುತು, ನಡುವೆ ಬೂದುಬಣ್ಣದ ಉಪ್ಪುಗಿಡ,
ಒಂದು ತಂತಿ ಗೇಟು, ಅದಕ್ಕೆ ತೂಗುಬಿದ್ದ ತಗಡು:
ಮುಚ್ಚಿ ಹೋಗಿ.
ಇಳಿದು ತೆರೆದೆ, ದಾಟಿದೆ, ಮತ್ತೆ ಇಳಿದು ಮುಚ್ಚಿದೆ.
ಯಾರ ಕುರಿಯೋ, ಕಣ್ಣಳತೆಯಲ್ಲಿ ಒಂದೂ ಇಲ್ಲ.

ನಾನು ಬಾದಾಮಿ ಕಡೆಯವಳು.
ನೀರೆಂದರೆ ನಮಗೆ ಹೊಂಡ, ಹೊಂಡಕ್ಕೆ ಮೆಟ್ಟಿಲು,
ಕೊನೆಯ ಮೆಟ್ಟಿಲಲ್ಲಿ ಸೀರೆ ಬಡಿಯುವವರ ಜಗಳ.
ಮೆಟ್ಟಿಲಿಲ್ಲದ ಇಷ್ಟೊಂದು ನೀರಿಗೆ
ಎಲ್ಲಿಂದ ಇಳಿಯುವುದು?

ಮರಳುಗುಡ್ಡ ಹತ್ತಿ ನಿಂತಾಗ
ನೆರಳಿಲ್ಲ, ಬೋರ್ಡಿಲ್ಲ, ಫೋನಿನಲ್ಲೊಂದು ಗೆರೆಯೂ ಇಲ್ಲ.
"ಬಾತ್‌ರೂಮು?" ಅಂದೆ.
ಎಂಟು ಮೈಲಿಯ ದಂಡೆಯತ್ತ ಕೈ ಬೀಸಿದಳು:
"ಆರಿಸಿಕೋ."

ಹೀಗೇ ಇತ್ತಂತೆ ಅವಳ ದ್ವೀಪದ ದಂಡೆ,
ಅಲ್ಲಿ, ಮೆಡಿಟರೇನಿಯನ್ನಿನ ಮೂಲೆಯಲ್ಲಿ.
ಹದಿನೇಳಕ್ಕೆ ಬಿಟ್ಟು ಬಂದದ್ದು,
ಮದುವೆಯಾಗುವವನ ಫೋಟೋ ಪರ್ಸಿನಲ್ಲಿಟ್ಟುಕೊಂಡು.
ನಲವತ್ತು ವರ್ಷ ಬಿಟ್ಟು ಹೋದರೆ
ಸಾಲು ಸಾಲು ನೀಲಿ ಕೊಡೆ, ಮಲಗಲು ತಾಸಿಗಿಷ್ಟು ಬಾಡಿಗೆ.
"ಅಮ್ಮ ಕಂಬಳಿ ಒಗೆಯುತ್ತಿದ್ದ ಬಂಡೆಯ ಮೇಲೆ ಕೂರಲು
ನಾನು ಚೀಟಿ ತಗೊಂಡೆ" ಅಂದಳು.
ನಗಲಿಲ್ಲ.

ಇಲ್ಲೂ ಅದೇ ಸುಣ್ಣದ ಬಂಡೆ, ಬೇಸಿಗೆಗೆ ಅದೇ ಒಣಹಠ,
ಚಳಿಗಾಲಕ್ಕೆ ಮಾತ್ರ ಬರುವ ಮಳೆ.
ಗಾಳಿಯೊಂದು ಬೇರೆ:
ದಕ್ಷಿಣಧ್ರುವದಿಂದ ನೆಟ್ಟಗೆ ಬಂದು,
ನಡುವೆ ಎಲ್ಲೂ ಚಹಾ ಕುಡಿಯದೆ, ಕೆನ್ನೆಗೆ ಬಾರಿಸುತ್ತದೆ.
ನಕ್ಷೆಯಲ್ಲಿ ಈ ದಂಡೆಗೆ ಹೆಸರಿಲ್ಲ.
ಇದ್ದೇ ಇರುತ್ತದೆ ಒಂದು, ನಕ್ಷೆಗಿಂತ ಬಹಳ ಹಳೆಯದು;
ಕರೆಯುವವರ ಮಾತು ನಮ್ಮಿಬ್ಬರಿಗೂ ಬರುವುದಿಲ್ಲ.

ಅಲೆಯ ಗೆರೆಯಗುಂಟ ಕೊಳೆಯುವ ಕಡಲಹುಲ್ಲು,
ಅದರ ನಡುವೆ ಕಂದು ಉಂಡೆಗಳು,
ಪಾತ್ರೆ ತಿಕ್ಕುವ ತೆಂಗಿನ ನಾರಿನಷ್ಟೇ ಒರಟು.
ಒಂದನ್ನೆತ್ತಿ ಮೂಸಿದಳು, ನನ್ನ ಮೂಗಿಗೂ ಹಿಡಿದಳು.
"ನಮ್ಮಲ್ಲೂ ಇದೇ. ಅಮ್ಮ ದಿಂಬಿಗೆ ತುಂಬುತ್ತಿದ್ದಳು.
ರಾತ್ರಿಯಿಡೀ ಕಿವಿಯ ಕೆಳಗೆ ಕರಕರ."
ಆಮೇಲೆ ಕಾಲುಚೀಲ ಕಳಚಿ ಒಂದರೊಳಗೊಂದು ಸುತ್ತಿ
ನನ್ನ ಕೈಗಿಟ್ಟು, ಮೊಣಕಾಲಿನ ತನಕ ಇಳಿದಳು.

ಬೆನ್ನು ನನ್ನ ಕಡೆ, ಮಾತು ನೀರಿನ ಕಡೆ.
ಗ್ರೀಕಿನಲ್ಲಿ, ತುಂಬಾ ಹೊತ್ತು.
ಎತ್ತಿದ ದನಿ, ತಗ್ಗಿದ ದನಿ, ನಡುವೆ ಒಂದು ಬೈಗುಳವೂ ಇರಬೇಕು.
ಮಾನೋಲಿಸ್ ಎಂಬ ಹೆಸರಷ್ಟೇ ನನಗೆ ತಿಳಿದದ್ದು.
ಅವನ ದೋಣಿ ಬಂತು, ಅವನು ಬರಲಿಲ್ಲ ಎಂದು
ಊರಿನವರು ಹೇಳಿದ್ದುಂಟು, ಅವಳಲ್ಲ.
ನಾನು ಕಲ್ಲಂಗಡಿ ಒಡೆದು ಬೀಜ ಉಗುಳುತ್ತ ಕೂತೆ.
ಕೆಂಪು ಕೊಕ್ಕಿನ ಹಕ್ಕಿಯೊಂದು ನನ್ನನ್ನು ಬೈದು ಹೋಯಿತು.

"ಏನು ಹೇಳಿದಿರಿ?" ಕಾರಿನಲ್ಲಿ ಕೇಳಿದೆ.
"ಕರೆಂಟು ಬಿಲ್ಲು ಕಟ್ಟಿದೆ ಅಂತ.
ತಾರಸಿ ಸೋರುವುದು ನಿಂತಿತು ಅಂತ."

ಗೇಟು ದಾಟಿ ಮೂರು ಮೈಲಿ ಬಂದ ಮೇಲೆ
"ಮುಚ್ಚಿದೆಯಾ?" ಅಂದಳು.
ಮುಚ್ಚಿದ ನೆನಪು ನನ್ನ ಕೈಗಿರಲಿಲ್ಲ.
ತಿರುಗಿ ಹೋದೆವು, ಅದೇ ಗರಗರ, ಅದೇ ಕೆಂಧೂಳು.
ಮುಚ್ಚಿಯೇ ಇತ್ತು.
ಆದರೂ ಇಳಿದಳು, ಬರಿಗಾಲಲ್ಲಿ,
ಸರಪಳಿ ಬಿಚ್ಚಿ, ಮತ್ತೆ ಸುತ್ತಿ, ಕೊಂಡಿ ಎಳೆದು ನೋಡಿದಳು.

ಉಂಡೆ ಈಗ ನನ್ನ ಅಂಗಡಿಯ ಕೌಂಟರಿನ ಮೇಲಿದೆ.
ದಿನಾ ಒರೆಸಿದರೂ ಬಿಲ್ಲು ಪುಸ್ತಕಕ್ಕೆ ಮರಳು.
ಕೆಮ್ಮಿನ ಔಷಧಕ್ಕೆ ಬಂದವರು ಮುಟ್ಟಿ ಕೇಳುತ್ತಾರೆ,
ಇದು ಯಾವುದಕ್ಕೆ, ದಿನಕ್ಕೆಷ್ಟು ಸಲ?