ಸರಿ, ಬೆಸ

ಮೂವತ್ತೊಂದು ವರ್ಷ ಕಲಿಸಿದ್ದಕ್ಕೆ
ಇಲಾಖೆ ಒಂದು ನಮೂನೆ ಕಳಿಸಿದೆ.
ಒಂಬತ್ತನೇ ಕಾಲಮ್ಮು:
ಸಂಶೋಧನೆಯಿಂದ ಸಮಾಜಕ್ಕೆ ಆದ ಉಪಯೋಗ.
ಮರಾಠಿಯಲ್ಲಿ ಕೇಳಿದ್ದಾರೆ, ಎರಡು ಗೆರೆ ಬಿಟ್ಟಿದ್ದಾರೆ.

ಎರಡು ಗೆರೆಯಲ್ಲಿ ಲಚ್ಮಯ್ಯ ಗುಂಡೇಟಿ ಹಿಡಿಸುವುದಿಲ್ಲ.

ಸೊಲ್ಲಾಪುರದ ಸಾಖರಪೇಟೆಯ ಒಂದು ಮಾಳಿಗೆಯಲ್ಲಿ
ಚಾದರದ ನವಿಲಿಗೆಂದು ಅವನು ರಟ್ಟಿಗೆ ತೂತು ಹೊಡೆಯುತ್ತಿದ್ದ.
ಒಂದು ಹೊಕ್ಕಿಗೆ ಒಂದು ರಟ್ಟು, ರಟ್ಟಿಗೆ ನಾಲ್ಕುನೂರು ಮನೆ.
ತೂತಿದ್ದಲ್ಲಿ ಹಾಸಿನ ದಾರ ಏಳುತ್ತದೆ,
ಇಲ್ಲದಲ್ಲಿ ಮಲಗಿರುತ್ತದೆ, ಅಷ್ಟೇ ವಿದ್ಯೆ.
ಒಂದು ತೂತು ತಪ್ಪಿದರೆ ನವಿಲಿನ ಕಣ್ಣಿಗೆ ಪೊರೆ.
ನೂರು ಚಾದರಕ್ಕೆ ನೂರು ಕುರುಡು ನವಿಲು.
ಸೇಠ್ ಕೂಲಿ ಮುರಿದುಕೊಳ್ಳುತ್ತಿದ್ದ.

ಅವನ ಮಗಳು ಅಂಬುಬಾಯಿ ನನ್ನ ಕ್ಲಾಸಿನ ಎರಡನೇ ಬೆಂಚು.
ಕೆಟ್ಟ ರಟ್ಟೊಂದನ್ನು ತಂದು ಮೇಜಿನ ಮೇಲಿಟ್ಟಳು:
'ಅಕ್ಕೋರ, ನಿಮ್ಮ ಬೀಜಗಣಿತಕ್ಕ
ಇದರಾಗಿನ ತಪ್ಪ ಕಾಣತದೇನ್ರಿ?'

ಸೊನ್ನೆ, ಒಂದು, ಎರಡೇ ಅಂಕಿಯ ಲೋಕದ ಬಗ್ಗೆ
ಪುಣೆಯಲ್ಲಿ ಆಗಷ್ಟೇ ಪ್ರಬಂಧ ಓದಿ ಬಂದಿದ್ದೆ.
ಅಲ್ಲಿ ಒಂದಕ್ಕೆ ಒಂದು ಕೂಡಿಸಿದರೆ ಸೊನ್ನೆ.
ಕೇಳಿದವರು ಏಳು ಜನ, ನಿದ್ದೆ ಹೋದವರನ್ನೂ ಸೇರಿಸಿ.

ಸೀಮೆಸುಣ್ಣದ ಡಬ್ಬಿ ಹಿಡಿದು ಮಾಳಿಗೆ ಹತ್ತಿದೆ.
ಎಂಟು ಮೂಲೆಯಲ್ಲಿ ನಾಲ್ಕಕ್ಕೆ ಕುಂಕುಮ ಹಚ್ಚಿ ತೋರಿಸಿದೆ:
ಕೆಂಪು ಮೂಲೆಯಿಂದ ಯಾವ ಅಂಚು ಹಿಡಿದು ಹೊರಟರೂ
ಒಂದು ಹೆಜ್ಜೆಗೆ ಬಿಳಿ ಮೂಲೆ ಸಿಕ್ಕಿಬೀಳುತ್ತದೆ.
ತಪ್ಪು ಅಂದರೆ ಆ ಒಂದು ಹೆಜ್ಜೆ.
ನಿನ್ನ ರಟ್ಟಿಗೆ ನಾಲ್ಕುನೂರು ದಿಕ್ಕಿನ ಡಬ್ಬಿ ಬೇಕು, ಎಂದೆ.
ಲಚ್ಮಯ್ಯ ತಲೆಯೆತ್ತಿ ಜಂತಿ ನೋಡಿದ.
'ಇಲ್ಲಿ ಹಿಡಸಂಗಿಲ್ಲ ಅಕ್ಕೋರ.
ತೂತ ಎಲ್ಲಿ ಹೊಡೀಲಿ, ಅಷ್ಟ ಹೇಳ್ರಿ.'

ಅಂಚಿಗೆ.
ನಕ್ಷೆಯ ಸಾಲಿನಲ್ಲಿ ತುಂಬಿದ ಮನೆ ಎಣಿಸು,
ಬೆಸ ಬಂದರೆ ಅಂಚಿಗೆ ಒಂದು ಹೆಚ್ಚಿಗೆ ಹೊಡೆ.
ಆಮೇಲೆ ರಟ್ಟಿನ ತೂತು ಯಾರು ಎಣಿಸಿದರೂ
ಸರಿ ಬಂದರೆ ಸರಿ.

ಅವನ ತಾಯಿಗೆ ಎಣಿಕೆ ಇಪ್ಪತ್ತರಾಚೆ ಬಾರದು.
ಎರಡು ಬೆರಳು ಜೋಡಿಸಿ ತೂತಿನ ಮೇಲೆ ಓಡಿಸುವಳು,
ಜೋಡಿ, ಜೋಡಿ, ಜೋಡಿ,
ಕೊನೆಗೆ ಒಂದು ಒಂಟಿ ಉಳಿದರೆ ರಟ್ಟು ಮೂಲೆಗೆ.
ನನ್ನ ಪ್ರಮೇಯವನ್ನು ಅಷ್ಟು ಬೇಗ ಯಾರೂ ಓದಿರಲಿಲ್ಲ.

'ಒಂದ ರಟ್ಟಿನ್ಯಾಗ ಎರಡ ತಪ್ಪಾದ್ರ?'
ಅಂಬುಬಾಯಿ.
ಗೊತ್ತಾಗುವುದಿಲ್ಲ, ಎಂದೆ. ಎರಡು ತಪ್ಪು ಸೇರಿದರೆ
ಲೆಕ್ಕ ಸರಿ ಬರುತ್ತದೆ.
ಅವಳು ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮಾರ್ಚಿನಲ್ಲಿ ಪರೀಕ್ಷೆ, ಫೆಬ್ರವರಿಯಲ್ಲಿ ಮದುವೆ.
ಅಪ್ಪ ಅವಳನ್ನು ಕೇಳಲಿಲ್ಲ.
ನಾನು ಅಪ್ಪನನ್ನು ಕೇಳಲಿಲ್ಲ.
ಎಲ್ಲವೂ ಸರಿಯಾಗಿಯೇ ಇತ್ತು. ಸಾಲಾಗಿ ಕೂತು ಉಂಡೆವು.

ಕಂಪ್ಯೂಟರ್ ಮಗ್ಗ ಬಂದ ಮೇಲೆ
ರಟ್ಟುಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ತೂಗಿದರು.
ಒಂದು ನನ್ನ ಬಳಿ ಉಳಿದಿದೆ, ಕಿಟಕಿಗೆ ಹಿಡಿದರೆ
ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಸಣ್ಣ ಸಣ್ಣ ಒಂದುಗಳಾಗಿ ಬೀಳುತ್ತದೆ.
ಎಣಿಸಿಲ್ಲ.

ಒಂಬತ್ತನೇ ಕಾಲಮ್ಮು, ಮೊದಲ ಗೆರೆ:
ರಟ್ಟಿನ ಅಂಚಿಗೆ ಒಂದು ತೂತು.
ಎರಡನೇ ಗೆರೆಯಲ್ಲಿ ಅವಳ ಹೆಸರು ಬರೆದೆ.
ಹೊಡೆದುಹಾಕಿದೆ.
ಮತ್ತೆ ಬರೆದೆ.
ಅಲ್ಲಿಗೆ ನಿಲ್ಲಿಸಿದೆ, ಬೆಸದ ಮೇಲೆ.