ಎದ್ದಾಗಲೆಲ್ಲ

ಹನ್ನೊಂದನೆಯ ಸಲ ಅದು ಸತ್ತ ರಾತ್ರಿ
ಅಪ್ಪನ ಕುರಿಲೆಕ್ಕದ ಪುಸ್ತಕ ತೆಗೆದೆ.
ಅರ್ಧ ಖಾಲಿಯಿತ್ತು. ತಲೆಕೆಳಗು ಮಾಡಿ
ಹಿಂದಿನ ಪುಟದಿಂದ ಶುರು:
ದಿನ, ಗಂಟೆ, ಪರದೆಯ ಮೇಲೆ ಏನು ತೆರೆದಿತ್ತು,
ಪ್ರೊಸೆಸರಿನ ಮೈ ಎಷ್ಟು ಬಿಸಿ,
ಕಿಟಕಿಯಾಚೆ ಉಲಾನ್‌ಬಾತರ್ ಎಷ್ಟು ತಣ್ಣಗೆ.

ನಲವತ್ತೊಂಬತ್ತು. ಮೈನಸ್ ಮೂವತ್ತೊಂದು.

ನೀಲಿ ಪರದೆಯೂ ಇಲ್ಲ,
ದೂರು ಹೇಳಿ ಸಾಯುವ ಜಾತಿಯಲ್ಲ ಇದು.
ಮಾತಿನ ನಡುವೆ ಎದ್ದು ಹೋದ ನೆಂಟನ ಹಾಗೆ
ಥಟ್ಟನೆ ಕತ್ತಲು, ಫ್ಯಾನಿನದೊಂದು ನಿಟ್ಟುಸಿರು,
ಮತ್ತೆ ಮೊದಲಿಂದ.
ನನ್ನದು ಕೋರ್ಟಿನ ಧ್ವನಿಮುದ್ರಿಕೆ ಕೇಳಿ ಟೈಪಿಸುವ ಕೆಲಸ;
ಒಬ್ಬ ಸಾಕ್ಷಿ, ಕುದುರೆ ಕಳುವಿನ ಕೇಸು,
ಮೂರು ಸಲ ಪ್ರಮಾಣ ಮಾಡಿದ,
ಮೂರು ಸಲವೂ ಉಳಿಯಲಿಲ್ಲ.

ನಾನೇ ಕಟ್ಟಿದ್ದು. ಹೊಟ್ಟೆಯುರಿ ಅದಕ್ಕೇ.
ಬೋರ್ಡು ಅಣ್ಣನ ಹಳೆಯದು,
ಪವರ್ ಸಪ್ಲೈ ಸಂತೆಯ ಲ್ಹಾಗ್ವಾನ ಅಂಗಡಿಯದು,
ಸ್ಕ್ರೂ ಕಡಿಮೆ ಬಿದ್ದಾಗ
ಅಮ್ಮನ ಹೊಲಿಗೆ ಮಿಷಿನ್ನಿನಿಂದ ಕದ್ದದ್ದು ಎರಡು.

ಮೊದಲು ರ್‍ಯಾಮಿನ ಮೇಲೆ ಅನುಮಾನ.
ಎರಡು ಕಡ್ಡಿಯಲ್ಲಿ ಒಂದನ್ನು ಕಿತ್ತು ಒಂದನ್ನು ಬಿಟ್ಟು,
ಆಮೇಲೆ ಅದನ್ನು ಕಿತ್ತು ಇದನ್ನು ಇಟ್ಟು,
ರಾತ್ರಿಯಿಡೀ ಪರೀಕ್ಷೆಗೆ ಹಚ್ಚಿ ಮಲಗಿದೆ.
ಬೆಳಿಗ್ಗೆ ನೋಡಿದರೆ ಎಂಟು ತಾಸು, ಒಂದೇ ಒಂದು ಮರೆವಿಲ್ಲ.
ನಾನು ಮಲಗಿದಷ್ಟು ಹೊತ್ತು ಅದು ನೆಮ್ಮದಿಯಾಗಿತ್ತು.
ಆಗಲೇ ತಿಳಿಯಬೇಕಿತ್ತು.

ತಿಳಿಯಲಿಲ್ಲ. ಗ್ರಾಫಿಕ್ಸ್ ಕಾರ್ಡಿನ ಧೂಳು ಊದಿದೆ.
ಡ್ರೈವರು ಅಳಿಸಿದೆ, ಹಾಕಿದೆ, ಹಳೆಯದನ್ನೇ ತಂದೆ.
ವಿಂಡೋಸನ್ನು ಬೇರುಸಹಿತ ಕಿತ್ತು ನೆಟ್ಟೆ.
ಲ್ಹಾಗ್ವಾನಿಗೆ ಫೋನು ಮಾಡಿ
ಕೊಳೆತ ಮಾಲು ಮಾರುತ್ತೀಯ ಅಂದೆ, ಇನ್ನೂ ಏನೇನೋ ಅಂದೆ.
ಅವನು ಮರುಮಾತಿಲ್ಲದೆ ಬೇರೆ ಪವರ್ ಸಪ್ಲೈ ಕೊಟ್ಟ.
ಹನ್ನೆರಡು.

ಅಮ್ಮ ಸೋಫಾದ ಮೇಲೆ ಒಂಟೆಯುಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು.
ಕುಣಿಕೆ ಎಣಿಸುತ್ತ, ತಲೆಯೆತ್ತದೆ,
"ಅದೇನೇ ಅದು, ನೀನು ಎದ್ದಾಗಲೆಲ್ಲ ಸಾಯುತ್ತದಲ್ಲ?"

ಕೂತೆ. ಎದ್ದೆ. ಸತ್ತಿತು.
ಕೂತೆ, ಸಾಕ್ಷಿಯನ್ನು ಮತ್ತೆ ಕಟಕಟೆಗೆ ಹತ್ತಿಸಿ
ಮೆಲ್ಲನೆ, ಕಳ್ಳಿಯ ಹಾಗೆ, ಎದ್ದೆ.
ಸತ್ತಿತು.

ಪುಸ್ತಕ ತೆರೆದೆ. ಹನ್ನೆರಡು ಸಾವು, ಆರು ಕಲಮು.
ಹನ್ನೊಂದು ನಲವತ್ತು: ಚಹಾಕ್ಕೆ.
ಮೂರು ಹತ್ತು: ಬಾಗಿಲು ಬಡಿದರೆಂದು.
ನಾಲ್ಕೂ ಐದು: ಸುಮ್ಮನೆ, ಸೊಂಟ ನೋವೆಂದು.
ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೇರಿಯೆಲ್ಲ ಕೂಗಿದವಳು
ಬರೆಯದೆ ಬಿಟ್ಟ ಕಲಮು ಒಂದೇ,
ನಾನು.

ತುಟಿ ಸೀಳುವ ಒಣಗಾಳಿ, ಉಣ್ಣೆ ಅಂಗಿ, ಉಣ್ಣೆ ಜಮಖಾನೆ,
ಚಕ್ರದ ಕುರ್ಚಿ. ದಿನವಿಡೀ ಉಜ್ಜಿ ಉಜ್ಜಿ ಕೂಡಿಟ್ಟದ್ದು
ಏಳುವ ಗಳಿಗೆಯಲ್ಲಿ
ರೆಪ್ಪೆಗೂದಲಷ್ಟು ಮಿಂಚಾಗಿ ಹಾರಿ
ವೈರು ಹಿಡಿದು ಒಳಗೆ ಹೋಗುತ್ತಿತ್ತು.
ಹೀಟರಿನ ಮೇಲೆ ಒದ್ದೆ ಟವೆಲು ಹರವಿದೆ.
ಜಮಖಾನೆ ಸುತ್ತಿಟ್ಟೆ. ಅಡುಗೆಮನೆಯ ಮರದ ಸ್ಟೂಲು ತಂದೆ.
ಹದಿನೈದನೆಯದು ಇನ್ನೂ ಬರೆದಿಲ್ಲ.

ಶನಿವಾರ ಸಂತೆಗೆ ಹೋದೆ, ಕಣ್ಣೆವೆಯಲ್ಲಿ ಹಿಮ.
"ತಪ್ಪು ನಿನ್ನ ಮಾಲಿನದಲ್ಲ."
"ಗೊತ್ತು," ಅಂದ ಲ್ಹಾಗ್ವಾ.
"ಚಳಿಗಾಲಕ್ಕೆ ಏಳೆಂಟು ಜನ ಬರುತ್ತಾರೆ.
ಕುರ್ಚಿ ಯಾವುದು ಅಂತ ಕೇಳಿದರೆ
ಹೊಡೆಯಲಿಕ್ಕೇ ಬರುತ್ತಾರೆ."

ಎರಡು ಸ್ಕ್ರೂ ಕೊಂಡೆ, ಮಿಷಿನ್ನಿನ ಅಳತೆಯವು.
ಚಿಲ್ಲರೆ ಚಾಚುವ ಮೊದಲು ಅವನು
ಕಬ್ಬಿಣದ ಬಾಗಿಲನ್ನೊಮ್ಮೆ ಬೆರಳ ಗೆಣ್ಣಿನಿಂದ ಮುಟ್ಟಿದ.
ನಾನೂ ಮುಟ್ಟಿದೆ.